ಆಟದ ಪೀರಿಯಡ್ ಉದ್ರಿ ಹೋದದ್ದು ವಾಪಸ್ ಬರಲೇ ಇಲ್ಲ

ಗದಗ ಜಿಲ್ಲೆಯ ಪ್ರೌಢಶಾಲೆಗಳ ಮುಖ್ಯ ಶಿಕ್ಷಕರಿಗೆ, ಎಸ್‌ಡಿಎಂಸಿ ಸದಸ್ಯರಿಗೆ, ಶಿಕ್ಷಣ ಇಲಾಖೆಯ ಸಾಹೇಬರಿಗೆ ಮತ್ತು ನನ್ನಂಥ ಅಪ್ಪ-ಅವ್ವಂದಿರಿಗೆ,

ನಮಸ್ಕಾರ.

ನಾನು ಗದಗ-ಬೆಟಗೇರಿಯಲ್ಲಿ ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇಟ್ಟುಕೊಂಡವನು. ಶಿಕ್ಷಣದ ಬಗ್ಗೆ ದೊಡ್ಡದಾಗಿ ಮಾತಾಡುವಷ್ಟು ಓದಿದವನಲ್ಲ. ಪಿಯುಸಿ ಮುಗಿಸಿದ್ದೇನೆ, ಅದೂ ಎರಡನೆಯ ಸಲಕ್ಕೆ. ಆದರೆ ಹದಿನೆಂಟು ವರ್ಷದಿಂದ ಸುತ್ತಲಿನ ಪ್ರೌಢಶಾಲೆಗಳ ಕಾಗದ ಪತ್ರವೆಲ್ಲ ನನ್ನ ಮಷಿನ್ ಮೇಲೇ ಹಾದು ಹೋಗಿವೆ. ಯಾವ ತಿಂಗಳು ಶಾಲೆಯಲ್ಲಿ ಏನು ನಡೆದಿದೆ ಎನ್ನುವುದು ಗಾಜಿನ ಮೇಲೆ ಬೀಳುವ ಹಾಳೆ ನೋಡಿದರೆ ನನಗೆ ತಿಳಿಯುತ್ತದೆ.

ಜೂನ್‌ನಲ್ಲಿ ಜಾತಿ-ಆದಾಯ ಪ್ರಮಾಣಪತ್ರ, ಆಧಾರ್, ಬಸ್ ಪಾಸಿನ ಅರ್ಜಿ. ಆಗಸ್ಟ್ ಹೊತ್ತಿಗೆ ಕ್ರೀಡಾಕೂಟದ ಎಂಟ್ರಿ ಫಾರ್ಮ್, ವಯಸ್ಸಿನ ದಾಖಲೆ. ಅದರ ಹಿಂದೆಯೇ ಪ್ರತಿಭಾ ಕಾರಂಜಿಯ, ಅಂದರೆ ಶಾಲಾ ಮಕ್ಕಳ ಹಾಡು-ಭಾಷಣ-ಕಲೆಯ ಸ್ಪರ್ಧೆಯ, ಪಟ್ಟಿ. ದಸರಾ ರಜೆ ಮುಗಿಯಿತೋ ಇಲ್ಲವೋ, ಹತ್ತನೆಯ ತರಗತಿಯ ಸರಣಿ ಪರೀಕ್ಷೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಪಾಸಿಂಗ್ ಪ್ಯಾಕೇಜ್ (ಪಾಸಾಗಲು ಬೇಕಾದಷ್ಟೇ ಆಯ್ದು ಕೊಡುವ ಪ್ರಶ್ನೋತ್ತರದ ಹಾಳೆಗಳು), ಮಾದರಿ ಪ್ರಶ್ನೆಪತ್ರಿಕೆ, ಮತ್ತೆ ಪಾಸಿಂಗ್ ಪ್ಯಾಕೇಜ್. ಆ ನಾಲ್ಕು ತಿಂಗಳು ನನ್ನ ಸುಗ್ಗಿ. ಟೋನರ್ ತರಿಸಿ ತರಿಸಿ ಸಾಕಾಗುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಪತ್ರದಲ್ಲಿ ನಾನು ತಕರಾರು ತೆಗೆಯುತ್ತಿರುವುದು ನನಗೆ ಅನ್ನ ಹಾಕುವ ಹಂಗಾಮಿನ ಮೇಲೆಯೇ.

2024-25ರಲ್ಲಿ ನನ್ನ ಮಗಳು ಹತ್ತನೆಯ ತರಗತಿಯಲ್ಲಿದ್ದಳು. ಚಿಕ್ಕಂದಿನಿಂದ ಅಂಗಡಿಯಲ್ಲಿ ಕೂತು ನಾನು ಉದ್ರಿ ಬರೆಯುವುದನ್ನು ನೋಡಿದವಳು. ಪರೀಕ್ಷೆ ಮುಗಿದ ಮೇಲೆ, ಏಪ್ರಿಲ್‌ನಲ್ಲಿ, ಹಳೆಯ ನೋಟ್‌ಬುಕ್ ರದ್ದಿಗೆ ಹಾಕುವಾಗ ವಿಜ್ಞಾನದ ನೋಟ್‌ಬುಕ್ಕಿನ ಕೊನೆಯ ಹಾಳೆ ಕಣ್ಣಿಗೆ ಬಿತ್ತು. ನನ್ನ ಖಾತೆ ಪುಸ್ತಕದ ಹಾಗೆಯೇ ಗೆರೆ ಹಾಕಿ, ಮೇಲೆ ‘ಆಟದ ಪೀರಿಯಡ್ ಉದ್ರಿ ಖಾತೆ’ ಎಂದು ಬರೆದಿದ್ದಳು. ತಾರೀಕು, ಯಾರು ಒಯ್ದರು, ಯಾವಾಗ ಕೊಡುತ್ತೇವೆ ಅಂದರು, ಎಲ್ಲ ಇತ್ತು. ವಾರಕ್ಕೆ ಎರಡರ ಲೆಕ್ಕದಲ್ಲಿ ಜೂನ್‌ನಿಂದ ಡಿಸೆಂಬರ್‌ವರೆಗೆ ಸಿಗಬೇಕಾಗಿದ್ದ ಆಟದ ಪೀರಿಯಡ್ 41. ಗಣಿತಕ್ಕೆ ಹೋದದ್ದು 14. ವಿಜ್ಞಾನಕ್ಕೆ 8. ಇಂಗ್ಲಿಷಿಗೆ 6. ಆಡಿದ್ದು 13. ಕಡೆಯ ಕಾಲಮ್ಮಿಗೆ ‘ವಾಪಸ್ ಬಂದದ್ದು’ ಎಂದು ಹೆಸರಿಟ್ಟು ಕೆಳಗೆ ಉದ್ದಕ್ಕೂ ಸೊನ್ನೆ ಸುತ್ತಿದ್ದಳು.

ಜನವರಿಯಿಂದ ಮುಂದೆ ಏನೂ ಬರೆದಿರಲಿಲ್ಲ. ಯಾಕೆ ಅಂತ ಕೇಳಿದೆ.

"ಆಮ್ಯಾಲೆ ಆಟದ ಪೀರಿಯಡ್ಡೇ ತಗದು ಹಾಕಿದ್ರಪ್ಪಾ. ಇನ್ನೇನ್ ಬರಿಯೂದು?" ಅಂದಳು.

ಮೊದಲು ನಗು ಬಂತು. ಹೆಂಡತಿಗೂ ತೋರಿಸಿ ನಕ್ಕೆ. ರಾತ್ರಿ ಗಲ್ಲಾ ಎಣಿಸುವಾಗ ಮತ್ತೆ ಅದೇ ಹಾಳೆ ನೆನಪಾಯಿತು. ಉದ್ರಿ ಒಯ್ದು ಕೊಡದೆ ತಿರುಗುವವರನ್ನು ನಾನು ನಾಲ್ಕು ತಿಂಗಳು ನೋಡುತ್ತೇನೆ, ಆಮೇಲೆ ಅಂಗಡಿ ಮೆಟ್ಟಿಲು ಹತ್ತಿಸುವುದಿಲ್ಲ. ಮಕ್ಕಳು ಯಾರ ಹತ್ತಿರ ವಸೂಲಿಗೆ ಹೋಗಬೇಕು?

ಮಗಳು ಖೋಖೋ ಆಡುತ್ತಿದ್ದಳು. ಚೆನ್ನಾಗಿ ಆಡುತ್ತಿದ್ದಳು ಅಂತ ಅಪ್ಪನಾದ ನಾನು ಹೇಳಿದರೆ ನಂಬಬೇಡಿ, ಪಿಟಿ ಸರ್ ಹೇಳುತ್ತಿದ್ದರು. ಬಡವರ ಆಟ ಅದು. 27 ಮೀಟರ್ ಉದ್ದ, 16 ಮೀಟರ್ ಅಗಲದ ಜಾಗ, ಎರಡು ಕಂಬ, ಗೆರೆ ಹಾಕಲು ಒಂದಿಷ್ಟು ಸುಣ್ಣದ ಪುಡಿ ಇದ್ದರೆ ಆಯಿತು. ತಂಡದಲ್ಲಿ 12 ಜನ, ಅಂಕಣಕ್ಕೆ ಇಳಿಯುವವರು 9. ಬೆನ್ನಟ್ಟುವ ಸರದಿ ಬಂದಾಗ ಎಂಟು ಜನ ಸಾಲಾಗಿ ಕೂರುತ್ತಾರೆ, ಒಬ್ಬಳು ಓಡುತ್ತಾಳೆ. ತಪ್ಪಿಸಿಕೊಳ್ಳುವ ಸರದಿಯಲ್ಲಿ ಮೂವರು ಮೂವರಾಗಿ ಒಳಗೆ ಬರುತ್ತಾರೆ. ನನ್ನ ಮಗಳು ಮೊದಲ ಮೂವರಲ್ಲಿ ಒಬ್ಬಳು. ಮನೆಯಲ್ಲಿ ನೀರಿನ ಕೊಡ ಎತ್ತು ಅಂದರೆ ಕೈ ನೋವು ಅನ್ನುವವಳು ಅಲ್ಲಿ ಹಾವಿನ ಹಾಗೆ ಹರಿದಾಡುತ್ತಿದ್ದಳು.

ಕೆಳಗಿನ ಹಂತದಲ್ಲಿ ಗೆದ್ದರು. ತಾಲ್ಲೂಕು ಮಟ್ಟಕ್ಕೆ ಹೋಗಬೇಕಿತ್ತು. ಹಿಂದಿನ ದಿನ ಸಂಜೆ ಮಾತು ಬದಲಾಯಿತು. ಹತ್ತನೆಯ ತರಗತಿಯವರು ಬೇಡ, ವಿಶೇಷ ತರಗತಿ ತಪ್ಪುತ್ತದೆ, ಈ ಸಲ ಫಲಿತಾಂಶ ಇಳಿಯಬಾರದು ಅಂತ. ಶಾಲೆಯ ಹೆಸರು ಹೇಳುವುದಿಲ್ಲ. ಹೇಳಿದರೂ ಉಪಯೋಗವಿಲ್ಲ, ಇದನ್ನು ಓದುವ ಹತ್ತು ಜನರಲ್ಲಿ ಏಳು ಜನ ‘ಇದು ನಮ್ಮ ಮಕ್ಕಳ ಶಾಲೆಯದೇ ಸುದ್ದಿ’ ಅಂದುಕೊಳ್ಳುತ್ತಾರೆ.

ಆ ತಂಡದಲ್ಲಿ ಹತ್ತನೆಯವರು ಐದು ಹುಡುಗಿಯರು. ಐದು ಜನ ಬಿಟ್ಟರೆ ಉಳಿದದ್ದು ಏಳು. ಏಳು ಜನರಿಂದ ಖೋಖೋ ಆಗುವುದಿಲ್ಲ. ಹಾಗಾಗಿ ಎಂಟು, ಒಂಬತ್ತನೆಯ ತರಗತಿಯ ಆ ಏಳು ಮಕ್ಕಳೂ ಹೋಗಲಿಲ್ಲ. ಅವರಿಗೆ ಬೋರ್ಡ್ ಪರೀಕ್ಷೆಯೂ ಇರಲಿಲ್ಲ, ವಿಶೇಷ ತರಗತಿಯೂ ಇರಲಿಲ್ಲ.

ಮಗಳು ಅಳಲಿಲ್ಲ. "ಹೋಗ್ಲಿ ಬಿಡಪ್ಪಾ" ಅಂದು ರೊಟ್ಟಿ ತಿಂದು ಮಲಗಿದಳು. ಅವಳ ಅವ್ವ ಅವತ್ತು ಮಧ್ಯಾಹ್ನವೇ ಒಗೆದು ಹಾಕಿದ್ದ ಟೀ ಶರ್ಟು ಮರುದಿನ ಸಂಜೆಯವರೆಗೂ ಹಗ್ಗದ ಮೇಲೇ ಇತ್ತು. ಅತ್ತಿದ್ದರೆ ನಾನು ಸಮಾಧಾನ ಮಾಡುತ್ತಿದ್ದೆ. ಆ ‘ಹೋಗ್ಲಿ ಬಿಡು’ಗೆ ಏನು ಸಮಾಧಾನ ಹೇಳಬೇಕೋ ನನಗೆ ಗೊತ್ತಾಗಲಿಲ್ಲ.

ಇದು ಸೆಪ್ಟೆಂಬರ್ ಮಾತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾದದ್ದು 2025ರ ಮಾರ್ಚ್ 21ಕ್ಕೆ. ನಡುವೆ ಆರು ತಿಂಗಳು ಇತ್ತು.

ಆ ನಡುವೆ ಜನವರಿಯಲ್ಲಿ ದಿಲ್ಲಿಯಲ್ಲಿ ಖೋಖೋದ ಮೊಟ್ಟಮೊದಲ ವಿಶ್ವಕಪ್ ನಡೆಯಿತು. 19ನೇ ತಾರೀಕು ಫೈನಲ್. ನಮ್ಮ ಹೆಣ್ಣುಮಕ್ಕಳ ತಂಡ ನೇಪಾಳವನ್ನು ಸೋಲಿಸಿ ಕಪ್ ಗೆದ್ದಿತು, ಗಂಡುಮಕ್ಕಳ ತಂಡವೂ ಗೆದ್ದಿತು. ಹೆಣ್ಣುಮಕ್ಕಳ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಚೈತ್ರಾ ಇದ್ದರು. ಹಳ್ಳಿಯ ಹುಡುಗಿ. ಮಗಳು ಮೊಬೈಲ್‌ನಲ್ಲಿ ನೋಡುತ್ತಿದ್ದಳು, ತೊಡೆಯ ಮೇಲೆ ಪಾಸಿಂಗ್ ಪ್ಯಾಕೇಜ್ ಇತ್ತು. ನನ್ನ ಅಂಗಡಿಯಲ್ಲೇ ಪಿನ್ ಹೊಡೆದದ್ದು.

ಮಾಸ್ತರ್ರನ್ನು ಬೈಯುವುದು ಸುಲಭ. ನಾನು ಬೈಯುವುದಿಲ್ಲ, ಯಾಕೆಂದರೆ ಅವರೂ ನನ್ನ ಗಿರಾಕಿಗಳು, ಅವರ ಕಷ್ಟ ನನಗೆ ಗೊತ್ತು. ಒಬ್ಬ ಗಣಿತದ ಸರ್ ಇದ್ದಾರೆ, ಬೇರೆ ಶಾಲೆಯವರು. ಪ್ರಶ್ನೆಪತ್ರಿಕೆ ತೆಗೆಸುವಾಗ ಈ ವಿಷಯ ಎತ್ತಿದೆ. ಅವರು ಬೇಜಾರಾಗಲಿಲ್ಲ.

"ರಿಸಲ್ಟ್ ಯಾಕ ಕಡಿಮಿ ಆತು ಅಂತ ಮೀಟಿಂಗಿನ್ಯಾಗ ನಿಲ್ಲಿಸಿ ಕೇಳ್ತಾರ್ರಿ. ಕಬಡ್ಡಿ ಯಾಕ ಆಡಿಸಿಲ್ಲ ಅಂತ ಇಲ್ಲಿತನಾ ಯಾರರ ಕೇಳ್ಯಾರೇನ್ರಿ?" ಅಂದರು.

ಅವರ ಮಾತು ಸುಳ್ಳಲ್ಲ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾ ಕಾವಲು, ಬಂತು, ಫಲಿತಾಂಶ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಕೊಟ್ಟ ಮೇಲೆ. 2025ರ ಪರೀಕ್ಷೆ-1ರಲ್ಲಿ ಶೇ. 62.34. ಫಲಿತಾಂಶ ಬಂದ ದಿನ ಯಾವ ಜಿಲ್ಲೆ ಎಷ್ಟನೆಯ ಸ್ಥಾನ ಅನ್ನುವುದೇ ಎಲ್ಲ ಪೇಪರಿನ ಮೊದಲ ಸುದ್ದಿ. ಮರುದಿನದಿಂದ ಮೇಲಿನವರು ಕೆಳಗಿನವರನ್ನು ಕೇಳುತ್ತಾರೆ. ಜಿಲ್ಲೆಯವರು ತಾಲ್ಲೂಕಿನವರನ್ನು, ತಾಲ್ಲೂಕಿನವರು ಹೆಡ್ ಮಾಸ್ತರನ್ನು, ಹೆಡ್ ಮಾಸ್ತರು ವಿಷಯ ಶಿಕ್ಷಕರನ್ನು. ಎಲ್ಲರಿಗಿಂತ ಕೆಳಗೆ ಕೂತಿರುವುದು ಆಟದ ಪೀರಿಯಡ್. ಅದು ತಿರುಗಿ ಮಾತಾಡುವುದಿಲ್ಲ, ಅದಕ್ಕೆ ಮಾರ್ಕ್ಸ್ ಕಾರ್ಡಿನಲ್ಲಿ 625ರೊಳಗೆ ಜಾಗವಿಲ್ಲ. ಸುಮ್ನೆ ಕೊಟ್ಟುಬಿಡುತ್ತದೆ.

ಆದರೆ ಒಂದು ಮಾತು ಕೇಳಬೇಕು ಅನ್ನಿಸುತ್ತದೆ. ಈ ಎರಡು ಮೂರು ವರ್ಷದಲ್ಲಿ ವಿಶೇಷ ತರಗತಿ ಕಡಿಮೆಯಾಗಿಲ್ಲ, ಜಾಸ್ತಿಯಾಗಿದೆ. ನನ್ನ ಮಷಿನ್ನಿನ ಮೀಟರ್ ಸಾಕ್ಷಿ. ಆಟ ಕಡಿಮೆ ಮಾಡಿದ್ದರಿಂದ ಫಲಿತಾಂಶ ಏರುವುದಿದ್ದರೆ ಇಷ್ಟೊತ್ತಿಗೆ ಏರಬೇಕಿತ್ತಲ್ವಾ? ಬೆಳಿಗ್ಗೆ ಎಂಟೂವರೆಗೆ ಬಂದ ಹುಡುಗ ಸಂಜೆ ಆರರವರೆಗೆ ಬೆಂಚಿನ ಮೇಲೆ ಕೂತರೆ ಎಷ್ಟು ತಲೆಗೆ ಹೋಗುತ್ತದೆ? ನನಗೆ ಅಂಗಡಿಯಲ್ಲಿ ಮಧ್ಯಾಹ್ನ ಮೂರಕ್ಕೇ ನಿದ್ದೆ ಬರುತ್ತದೆ. ಇನ್ನು ಫೇಲಾದರೆ ಬದುಕೇ ಮುಗಿಯಿತು ಅನ್ನುವ ಕಾಲವೂ ಈಗಿಲ್ಲ. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯಬಹುದು. ಪರೀಕ್ಷೆಗೆ ಮತ್ತೆ ಅವಕಾಶ ಇದೆ. ಹದಿನೇಳು ವರ್ಷದೊಳಗಿನವರ ಖೋಖೋ ತಂಡದಲ್ಲಿ ಆ ವರ್ಷ ತಪ್ಪಿದರೆ ಅಷ್ಟೇ.

ನನ್ನದೇ ಒಂದು ಮಾತು ಹೇಳುತ್ತೇನೆ. ನಾನು ಓದುವಾಗ ಗ್ಯಾದರಿಂಗ್ ಅಂದರೆ ಒಂದು ತಿಂಗಳ ಕೆಲಸ. ಈ ಕಡೆಯವರಿಗೆ ಗ್ಯಾದರಿಂಗ್ ಅಂದರೆ ಏನೆಂದು ಹೇಳಬೇಕಿಲ್ಲ. ದಕ್ಷಿಣದವರು ‘ವಾರ್ಷಿಕೋತ್ಸವ’ ಅನ್ನುತ್ತಾರೆ, ಆ ಶಬ್ದ ಕೇಳಿದರೆ ನನಗೆ ದೇವಸ್ಥಾನ ನೆನಪಾಗುತ್ತದೆ. ನಾಟಕದ ತಾಲೀಮು ಬೇರೆ, ಕೋಲಾಟ ಬೇರೆ. ನನಗೆ ಆಟ ಬರುತ್ತಿರಲಿಲ್ಲ, ಹಾಡು ಬರುತ್ತಿರಲಿಲ್ಲ, ನಾಟಕದಲ್ಲಿ ನಿಲ್ಲಿಸಿದರೆ ಮಾತು ತೊದಲುತ್ತಿತ್ತು. ಗಣಿತದ ಬಗ್ಗೆ ಕೇಳಲೇಬೇಡಿ. ಆದರೆ ಅಕ್ಷರ ಚಂದ ಇತ್ತು. ಅದನ್ನು ಕಂಡುಹಿಡಿದವರು ಡ್ರಾಯಿಂಗ್ ಮಾಸ್ತರು. ಒಂದು ದಿನ ಗೋಡೆಯ ಕರಿಹಲಗೆಯ ಮುಂದೆ ನಿಲ್ಲಿಸಿ, ‘ದಿನಾ ಒಂದು ಸುವಿಚಾರ ಬರಿ’ ಅಂದರು. ಒಂಬತ್ತನೆಯ ತರಗತಿ ಪೂರ್ತಿ ಬರೆದೆ. ಮುಂದೆ ಗ್ಯಾದರಿಂಗಿನ ಬಟ್ಟೆಯ ಬ್ಯಾನರ್ ಬರೆಯಲು ಕೊಟ್ಟರು. ನೀಲಿ ಬಣ್ಣದಲ್ಲಿ ಬರೆದು ಬಿಳಿ ಅಂಚು ಕೊಡುವುದು ಹೇಗೆ, ‘ಕ್ಷ’ ಬರೆಯುವಾಗ ಎಲ್ಲಿ ಕುಂಚ ಎತ್ತಬೇಕು, ಇದನ್ನೆಲ್ಲ ಅವರೇ ಕಲಿಸಿದರು. ಶಾಲೆಯ ವೇಳೆಯಲ್ಲೇ ಕಲಿಸಿದರು, ಡ್ರಾಯಿಂಗ್ ಪೀರಿಯಡ್‌ನಲ್ಲಿ.

ಪಿಯುಸಿ ಮೊದಲ ಸಲ ಫೇಲಾದಾಗ ಆ ಕುಂಚವೇ ಕೈ ಹಿಡಿಯಿತು. ಅಂಗಡಿಗಳ ಬೋರ್ಡು ಬರೆದೆ, ಟ್ರ್ಯಾಕ್ಟರ್ ಟ್ರೇಲರ್ ಹಿಂದೆ ಹೆಸರು ಬರೆದೆ, ಚುನಾವಣೆ ಬಂದಾಗ ಗೋಡೆ ಬರೆದೆ. ಆಮೇಲೆ ಫ್ಲೆಕ್ಸ್ ಬಂತು, ಕುಂಚದ ಕೆಲಸ ಹೋಯಿತು. ಅಕ್ಷರ ಬಿಟ್ಟು ಬೇರೆ ಗೊತ್ತಿರಲಿಲ್ಲ, ಹಾಗಾಗಿ ಡಿಟಿಪಿ ಕಲಿತೆ, ಸಾಲ ಮಾಡಿ ಮಷಿನ್ ತಂದೆ. ದೊಡ್ಡ ಸಾಧನೆ ಏನಲ್ಲ. ಮದುವೆ ಪತ್ರಿಕೆ ಮಾಡಿಸಲು ಜನ ನನ್ನ ಅಂಗಡಿಯನ್ನೇ ಹುಡುಕಿಕೊಂಡು ಬರುತ್ತಾರೆ, ಅಷ್ಟೇ. ಆದರೆ ಆ ಡ್ರಾಯಿಂಗ್ ಪೀರಿಯಡ್ಡನ್ನು ಅವತ್ತು ಯಾರಾದರೂ ಗಣಿತಕ್ಕೆ ಉದ್ರಿ ಒಯ್ದಿದ್ದರೆ? ಗಣಿತವಂತೂ ನನಗೆ ಬರುತ್ತಿರಲಿಲ್ಲ.

ಈಗಿನ ಗ್ಯಾದರಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸ್ಪೀಕರ್ ಬಾಡಿಗೆಗೆ ತಂದು, ಸಿನಿಮಾ ಹಾಡು ಹಾಕಿ, ಮೂರು ದಿನದಲ್ಲಿ ಕುಣಿತ ಕಲಿಸಿ ಮುಗಿಸುತ್ತಾರೆ. ಪ್ರಾಕ್ಟೀಸಿಗೆ ಟೈಮ್ ಎಲ್ಲಿದೆ?

ಟೈಮಿನ ಮಾತು ಬಂತಲ್ಲ, ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಎಷ್ಟೋ ಒಳ್ಳೆಯ ಹೆಡ್ ಮಾಸ್ತರರು ಹೇಳುತ್ತಾರೆ: ಪೀರಿಯಡ್ ಹೋದರೆ ಹೋಗಲಿ, ಶಾಲೆ ಬಿಟ್ಟ ಮೇಲೆ ಒಂದು ತಾಸು ಆಡಿಸುತ್ತೇವೆ, ಹಾಡಿಸುತ್ತೇವೆ ಅಂತ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ನನ್ನ ಅಂಗಡಿ ಮುಂದೆ ಸಂಜೆ ಒಂದು ದಿನ ಬಂದು ನಿಲ್ಲಿ. ಗಂಟೆ ಹೊಡೆದ ಎರಡು ನಿಮಿಷಕ್ಕೆ ಹುಡುಗಿಯರ ಒಂದು ಗುಂಪು ಬ್ಯಾಗ್ ಎದೆಗೆ ಅವಚಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಓಡುತ್ತದೆ. ಸುತ್ತಲಿನ ಹಳ್ಳಿಯವರು. ಆ ಬಸ್ ತಪ್ಪಿದರೆ ಮುಂದಿನದಕ್ಕೆ ಒಂದೂವರೆ ತಾಸು, ಊರು ಮುಟ್ಟುವಾಗ ಕತ್ತಲೆ. ಎರಡು ದಿನ ಕತ್ತಲಾದ ಮೇಲೆ ಮನೆಗೆ ಹೋದರೆ ಮೂರನೆಯ ದಿನ ಅಪ್ಪ ಶಾಲೆ ಬಿಡಿಸುವ ಮಾತು ತೆಗೆಯುತ್ತಾನೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ಅದು ದೊಡ್ಡ ಅನುಕೂಲವೇ. ಆದರೆ ಟಿಕೆಟ್ ಫ್ರೀ ಆದರೂ ಬಸ್ಸು ಬರುವುದು ಅದರ ಹೊತ್ತಿಗೇ.

ಆದ್ದರಿಂದ ‘ಶಾಲೆ ಬಿಟ್ಟ ಮೇಲೆ ಅಭ್ಯಾಸ’ ಅಂದರೆ ಆ ಹುಡುಗಿಯರಿಗೆ ನೀವು ಬರಬೇಡಿ ಅಂದ ಹಾಗೆ. ಉಳಿಯುವವರು ಊರಿನ ಹುಡುಗರು, ಸೈಕಲ್ ಇರುವವರು, ಕರೆದೊಯ್ಯಲು ಅಪ್ಪ ಬೈಕ್ ತರುವವರು. ಹಳ್ಳಿ ಹುಡುಗಿಗೆ ಇಡೀ ವಾರದಲ್ಲಿ ಅಂಗಳ ಸಿಗುವುದು ಆ ಎರಡು ಪೀರಿಯಡ್‌ನಲ್ಲಿ ಮಾತ್ರ. ಮನೆಗೆ ಹೋದರೆ ದನ, ಕಸ, ತಮ್ಮ-ತಂಗಿ. ಆ ಎಂಬತ್ತು ತೊಂಬತ್ತು ನಿಮಿಷವನ್ನೂ ಬೀಜಗಣಿತಕ್ಕೆ ಒಯ್ದರೆ ಆಕೆ ಮತ್ತೆ ಯಾವಾಗ ಓಡಬೇಕು? ಬಸ್ ಹಿಡಿಯಲು ಓಡುತ್ತಾಳೆ, ಅದನ್ನೇ ವ್ಯಾಯಾಮ ಅನ್ನೋಣವೇ?

ಗ್ಯಾದರಿಂಗಿಗೆ ಬರುವ ಮುಖ್ಯ ಅತಿಥಿಗಳು ಭಾಷಣದಲ್ಲಿ ತಪ್ಪದೆ ಎರಡು ಹೆಸರು ಹೇಳುತ್ತಾರೆ, ಗಾಯಕ ಭೀಮಸೇನ ಜೋಶಿ ಮತ್ತು ಕ್ರಿಕೆಟಿಗ ಸುನೀಲ ಜೋಶಿ. ನಮ್ಮ ಜಿಲ್ಲೆಯ ಹೆಮ್ಮೆ, ಹೇಳಲೇಬೇಕು. ಆದರೆ ಆ ಕಥೆಗಳನ್ನು ಪೂರ್ತಿ ಹೇಳುವುದಿಲ್ಲ. ಭೀಮಸೇನ ಜೋಶಿಯವರ ಅಪ್ಪ ಶಾಲಾ ಮಾಸ್ತರರೇ. ಮಗ ಹನ್ನೊಂದನೆಯ ವಯಸ್ಸಿಗೆ, 1933ರಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿಹೋದ. ಸುನೀಲ ಜೋಶಿ ಹುಡುಗನಾಗಿದ್ದಾಗ ಬೆಳಗಿನ ಜಾವವೇ ಗದಗಿನಿಂದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ವಾಪಸ್ ಬರುತ್ತಿದ್ದರು. ಹೋಗಲು ಸುಮಾರು ಅರವತ್ತು ಕಿಲೋಮೀಟರ್, ಬರಲು ಅಷ್ಟೇ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್ ಹಾಕಿ, 6 ರನ್ ಕೊಟ್ಟು, 5 ವಿಕೆಟ್ ತೆಗೆದದ್ದು ಆ ಹುಡುಗನೇ. ಆ ಸ್ಕೋರ್ ಈಗಲೂ ನನಗೆ ಬಾಯಿಪಾಠ.

ಒಬ್ಬರು ಓಡಿಹೋಗಬೇಕಾಯಿತು, ಇನ್ನೊಬ್ಬರು ಬೆಳಗಿನ ಜಾವ ಬೇರೆ ಊರಿಗೆ ಹೋಗಬೇಕಾಯಿತು. ಇಬ್ಬರೂ ಗಂಡುಮಕ್ಕಳು. ನನ್ನ ಮಗಳನ್ನು ನಸುಕಿನಲ್ಲಿ ಒಬ್ಬಳೇ ಹುಬ್ಬಳ್ಳಿಗೆ ಕಳಿಸು ಅಂದರೆ ನಾನು ಕಳಿಸುತ್ತೇನೆಯೇ? ಇಲ್ಲ. ಸುಳ್ಳು ಯಾಕೆ ಹೇಳಲಿ. ಈ ಊರಿನಲ್ಲೇ ವೀರೇಶ್ವರ ಪುಣ್ಯಾಶ್ರಮ ಇದೆ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳನ್ನು, ಬಡ ಮಕ್ಕಳನ್ನು ಇಟ್ಟುಕೊಂಡು ಊಟ ಹಾಕಿ ಸಂಗೀತ ಕಲಿಸಿದ ಜಾಗ. ಅಲ್ಲಿ ಸಂಗೀತ ಯಾವುದೋ ಪೀರಿಯಡ್ ಉಳಿದರೆ ಮಾಡುವ ಕೆಲಸ ಆಗಿರಲಿಲ್ಲ. ಅದರಿಂದ ಒಂದೆರಡು ಕಿಲೋಮೀಟರ್ ದೂರದ ಶಾಲೆಗಳಲ್ಲಿ ಒಂದು ಹಾರ್ಮೋನಿಯಂ ಬೀರುವಿನ ಮೇಲೆ ಧೂಳು ತಿನ್ನುತ್ತಿರುತ್ತದೆ. ಆಶ್ರಮದಲ್ಲಿ ಕಲಿತವರು ಎಷ್ಟೋ ಜನ ಊರಲ್ಲೇ ಇದ್ದಾರೆ. ವಾರಕ್ಕೆ ಒಂದು ತಾಸು ಬನ್ನಿ ಅಂತ ಕರೆದರೆ ಬರುವವರು ಸಿಕ್ಕೇ ಸಿಗುತ್ತಾರೆ. ಕರೆಯಬೇಕಷ್ಟೇ.

ಪ್ರತಿಭಾ ಕಾರಂಜಿ ಇದೆಯಲ್ಲ ಅನ್ನಬಹುದು. ಇದೆ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಅಂತ ಹಂತ ಹಂತವಾಗಿ ನಡೆಯುತ್ತದೆ. ಭಾವಗೀತೆ, ಜನಪದ ಗೀತೆ, ಆಶುಭಾಷಣ, ಚರ್ಚೆ, ರಂಗೋಲಿ, ಮಿಮಿಕ್ರಿ, ಗಜಲ್, ಕವ್ವಾಲಿ. ಪಟ್ಟಿ ನೋಡಿದರೆ ಖುಷಿಯಾಗುತ್ತದೆ. ಸರ್ಟಿಫಿಕೇಟ್ ಲ್ಯಾಮಿನೇಶನ್ನಿಗೆ ನನ್ನ ಹತ್ತಿರವೇ ಬರುತ್ತದೆ. ನಾನು ಹೆಸರು ಓದುತ್ತೇನೆ, ಅದು ನನ್ನ ಚಟ. ಒಂದು ಶಾಲೆಯಿಂದ ಹತ್ತು ಸರ್ಟಿಫಿಕೇಟ್ ಬಂದರೆ ಅದರಲ್ಲಿ ಇರುವುದು ನಾಲ್ಕೇ ಮಕ್ಕಳ ಹೆಸರು. ಭರತನಾಟ್ಯದ ಕ್ಲಾಸಿಗೆ ಹೋಗುವ ಹುಡುಗಿ, ಮನೆಯಲ್ಲೇ ಸಂಗೀತ ಇರುವ ಹುಡುಗ, ಹಾಗೆ. ಅವರದೇನೂ ತಪ್ಪಿಲ್ಲ, ಕಷ್ಟಪಟ್ಟು ಕಲಿತಿದ್ದಾರೆ. ಆದರೆ ಅದನ್ನು ಶಾಲೆ ಕಲಿಸಿದ್ದಲ್ಲ. ಶಾಲೆ ಪಟ್ಟಿಯಲ್ಲಿ ಹೆಸರು ಬರೆದದ್ದು ಅಷ್ಟೇ. ಶಾಲೆಯಲ್ಲೇ ಕಲಿಯಬೇಕಾದ ಮಗು ನಾಲ್ಕು ದಿನ ಮುಂಚೆ ಒಂದು ಹಾಡು ಬಾಯಿಪಾಠ ಮಾಡಿ ಹೋಗಿ, ಮೈಕ್ ಕಂಡು ಗಾಬರಿಯಾಗಿ, ಎರಡನೆಯ ಚರಣ ಮರೆತು, ಬಿಸಿಲಲ್ಲಿ ಕೂತು ವಾಪಸ್ ಬರುತ್ತದೆ. ನಂತರ ಜನ್ಮದಲ್ಲಿ ಸ್ಟೇಜ್ ಹತ್ತುವುದಿಲ್ಲ. ವರ್ಷಕ್ಕೊಂದು ಜಾತ್ರೆ ಮಾಡಿ, ಉಳಿದ ದಿನ ಗುಡಿಗೆ ಬೀಗ ಹಾಕಿದರೆ ಹೇಗೆ?

ಹಾಗಾದರೆ ನನಗೆ ಏನು ಬೇಕು? ಹೊಸ ಯೋಜನೆ ಬೇಡ, ಹೊಸ ಕಟ್ಟಡವೂ ಬೇಡ. ವೇಳಾಪಟ್ಟಿಯಲ್ಲಿ ಈಗಾಗಲೇ ಬರೆದಿರುವುದನ್ನು ಕೊಡಿ ಅಂತ ಕೇಳುತ್ತಿದ್ದೇನೆ. ಮುಖ್ಯ ಶಿಕ್ಷಕರೇ, ಆಟ, ಡ್ರಾಯಿಂಗ್, ಸಂಗೀತದ ಪೀರಿಯಡ್ಡನ್ನು ಯಾರಿಗೂ ಉದ್ರಿ ಕೊಡಬೇಡಿ. ಕೊಡಲೇಬೇಕಾದ ದಿನ ಬಂದರೆ ನನ್ನ ಮಗಳ ಹಾಗೆ ಒಂದು ಖಾತೆ ಇಡಿ, ಸ್ಟಾಫ್ ರೂಮಿನ ಗೋಡೆಗೆ ಹಚ್ಚಿ. ಯಾವ ಸರ್ ಎಷ್ಟು ಒಯ್ದಿದ್ದಾರೆ, ಎಷ್ಟು ವಾಪಸ್ ಕೊಟ್ಟಿದ್ದಾರೆ ಅನ್ನುವುದು ಎಲ್ಲರ ಕಣ್ಣಿಗೆ ಬೀಳಲಿ. ಉದ್ರಿ ಖಾತೆ ಗೋಡೆಯ ಮೇಲಿದ್ದರೆ ಸಾಲ ಬೇಗ ತೀರುತ್ತದೆ, ಇದು ನನ್ನ ಅನುಭವ. ಹತ್ತನೆಯ ತರಗತಿಯ ಮಕ್ಕಳನ್ನು ಕನಿಷ್ಠ ದಸರಾವರೆಗೆ ತಂಡದಿಂದ ಹೊರಗಿಡಬೇಡಿ. ಗ್ಯಾದರಿಂಗಿನ ತಾಲೀಮನ್ನು, ಕಾರಂಜಿಯ ತಯಾರಿಯನ್ನು ಗಂಟೆ ಹೊಡೆಯುವ ಮೊದಲೇ ಮುಗಿಸಿ.

ಸಾಹೇಬರೇ, ಆ ಗಣಿತದ ಸರ್ ಕೇಳಿದ ಪ್ರಶ್ನೆಯನ್ನು ನಿಮಗೂ ದಾಟಿಸುತ್ತಿದ್ದೇನೆ. ನಿಮ್ಮ ಪರಿಶೀಲನಾ ಸಭೆಯಲ್ಲಿ ಫಲಿತಾಂಶದ ಲೆಕ್ಕ ಕೇಳಿ, ಬೇಡ ಅನ್ನುವುದಿಲ್ಲ. ಅದು ಮುಗಿದ ಮೇಲೆ ‘ಹೋದ ತಿಂಗಳು ಎಷ್ಟು ಆಟದ ಪೀರಿಯಡ್ ನಡೆದವು?’ ಅಂತ ಇನ್ನೊಂದು ಪ್ರಶ್ನೆ ಕೇಳಿ. ಮುಂದಿನ ಸಭೆಯ ಹೊತ್ತಿಗೆ ಅರ್ಧ ಕೆಲಸ ಆಗಿರುತ್ತದೆ. ಪಿಟಿ ಮಾಸ್ತರು ಇಲ್ಲದ ಶಾಲೆಗಳಿಗೆ ಬೇಗ ಮಾಸ್ತರನ್ನು ಕೊಡಿ. ಇದ್ದವರನ್ನು ಆಫೀಸಿನ ಪತ್ರ ಬರೆಯಲು, ಬಿಸಿಯೂಟದ ಲೆಕ್ಕ ಇಡಲು ಕೂರಿಸುವುದನ್ನು ಬಿಡಿಸಿ. ನನ್ನ ಅಂಗಡಿಗೆ ಲೆಟರ್‌ಹೆಡ್ ಹಿಡಿದು ಬರುವವರಲ್ಲಿ ಸೀಟಿ ಕೊರಳಲ್ಲಿ ಹಾಕಿಕೊಂಡವರೇ ಜಾಸ್ತಿ, ಯಾಕೆ ಅಂತ ನನಗೆ ಮೊದಲು ತಿಳಿಯುತ್ತಿರಲಿಲ್ಲ.

ಅಪ್ಪ-ಅವ್ವಂದಿರೇ, ನಾವೇನೂ ಕಡಿಮೆ ಇಲ್ಲ. ಪಾಲಕರ ಸಭೆಯಲ್ಲಿ ಎದ್ದು ನಿಂತು ‘ಇನ್ನೂ ಒಂದು ತಾಸು ಸ್ಪೆಷಲ್ ಕ್ಲಾಸ್ ತಗೊಳ್ರಿ ಸರ್’ ಅಂತ ಕೇಳುವವರು ನಾವೇ. ನಾನೂ ಒಮ್ಮೆ ಕೇಳಿದ್ದೇನೆ. ಮಗಳು ಒಂಬತ್ತರಲ್ಲಿದ್ದಾಗ. ಆ ಉದ್ರಿ ಖಾತೆಯ ಹಾಳೆ ನೋಡಿದ ಮೇಲೆ ಅದನ್ನು ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಹುಡುಗ ಕ್ರಿಕೆಟ್ ಆಡಿ ತಡವಾಗಿ ಬಂದರೆ ಬೈದು ಊಟ ಹಾಕುತ್ತೇವೆ. ಹುಡುಗಿ ಒಂಬತ್ತನೆಯ ತರಗತಿಗೆ ಬಂದ ಕೂಡಲೇ ‘ಇನ್ನ ಆಟಾ ಸಾಕು’ ಅನ್ನುತ್ತೇವೆ. ತಂಡದ ಜೊತೆ ಒಬ್ಬರು ಅಕ್ಕೋರು ಹೋಗುತ್ತಾರೆ ಅಂದರೂ ನಮಗೆ ಧೈರ್ಯ ಸಾಲುವುದಿಲ್ಲ. ಈ ವಿಷಯದಲ್ಲಿ ಶಾಲೆಯನ್ನು ಕೇಳುವ ಮೊದಲು ಮನೆಯಲ್ಲಿ ಒಂದು ಮಾತು ಆಡಿಕೊಳ್ಳಬೇಕು.

ಮಗಳ ಫಲಿತಾಂಶ ಏನಾಯಿತು ಅಂತ ನೀವು ಕೇಳಬಹುದು. ಫಸ್ಟ್ ಕ್ಲಾಸ್ ಬಂತು. ಈಗ ಪಿಯು ಮೊದಲ ವರ್ಷ, ಕಾಮರ್ಸ್. ಆಟಕ್ಕೆ ಹೋಗುತ್ತೀಯಾ ಅಂತ ಕೇಳಿದರೆ ‘ರೂಢಿ ತಪ್ಪೇತಪ್ಪಾ’ ಅನ್ನುತ್ತಾಳೆ. ಒತ್ತಾಯ ಮಾಡಿಲ್ಲ.

ನನ್ನಿಂದಾಗುವುದನ್ನೂ ಹೇಳಿಬಿಡುತ್ತೇನೆ. ಯಾವುದೇ ಪ್ರೌಢಶಾಲೆಯವರು ನಾಟಕದ ಮಾತಿನ ಪ್ರತಿ, ಹಾಡಿನ ಹಾಳೆ, ತಂಡದ ಪಟ್ಟಿ, ಪಂದ್ಯದ ಡ್ರಾ ತಂದರೆ ಝೆರಾಕ್ಸಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಡ್ರಾಯಿಂಗ್ ಪೀರಿಯಡ್ ನಿಜವಾಗಿ ನಡೆಯುವ ಶಾಲೆ ಇದ್ದರೆ ತಿಂಗಳಿಗೆ ಎರಡು ಸಲ ಬಂದು ಮಕ್ಕಳಿಗೆ ಕುಂಚ ಹಿಡಿದು ಅಕ್ಷರ ಬರೆಯುವುದನ್ನು ಕಲಿಸುತ್ತೇನೆ. ಬಣ್ಣ ನಾನೇ ತರುತ್ತೇನೆ. ಪಾಸಿಂಗ್ ಪ್ಯಾಕೇಜಿಗೆ ಮಾತ್ರ ರೇಟು ರೇಟೇ.

ಮಗ ಈ ಜೂನ್‌ನಲ್ಲಿ ಎಂಟನೆಯ ತರಗತಿಗೆ ಸೇರಿದ್ದಾನೆ. ಅಕ್ಕನ ವಿಜ್ಞಾನದ ನೋಟ್‌ಬುಕ್ಕನ್ನು ರದ್ದಿಗೆ ಹಾಕಲು ಬಿಡಲಿಲ್ಲ, ಉಳಿದ ಖಾಲಿ ಹಾಳೆ ತನಗೆ ಬೇಕು ಅಂದ. ನಿನ್ನೆ ತೆಗೆದು ನೋಡಿದೆ. ಮೇಲೆ ಅಕ್ಕನ ಹಾಗೆಯೇ ಗೆರೆ ಹಾಕಿದ್ದಾನೆ. ಇಲ್ಲಿಯವರೆಗೆ ಮೂರು ಬರೆದಿದ್ದಾನೆ, ಎರಡು ಗಣಿತ, ಒಂದು ಹಿಂದಿ.

ನಿಮ್ಮ ವಿಶ್ವಾಸಿ,
ಒಬ್ಬ ಝೆರಾಕ್ಸ್ ಅಂಗಡಿಯವ
ಗದಗ-ಬೆಟಗೇರಿ